ಹೆಸರು ಮುಚ್ಚಿದ ರುಚಿ

ಒಂದೇ ಅಂಗಡಿಯ ಕೊತ್ತಂಬರಿ ಬೀಜ, ಒಂದೇ ಮೂಟೆಯ ಬ್ಯಾಡಗಿ ಮೆಣಸಿನಕಾಯಿ, ಒಂದೇ ಡಬ್ಬಿಯ ಮೆಂತ್ಯ. ಆದರೂ ಅತ್ತೆಯವರು ಕುಟ್ಟಿದ ಹುಳಿಪುಡಿಗೂ ಸೊಸೆ ಕುಟ್ಟಿದ ಹುಳಿಪುಡಿಗೂ ಒಂದು ಗಾವುದ ಅಂತರವುಂಟೆಂಬುದನ್ನು ನಮ್ಮ ವಾಚಕರಿಗೆ ನಾವು ಹೇಳಿಕೊಡಬೇಕಾದುದಿಲ್ಲ. ಬೆರಕೆಯ ಗುಟ್ಟೆಲ್ಲ ಅಳತೆಯಲ್ಲಿರುತ್ತದೆ. ಆದರೆ ಇದರ ಜತೆಗೆ ಇನ್ನೊಂದು ಗುಟ್ಟೂ ಇದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪುಡಿಯನ್ನು ಕುಟ್ಟಿದವರು ಯಾರೆಂಬುದು ತಿಳಿದ ಮೇಲೆಯೇ ನಮ್ಮ ನಾಲಗೆ ತೀರ್ಪು ಕೊಡುವುದು. ಹೆಸರು ಮೊದಲು, ರುಚಿ ಆಮೇಲೆ. ಈ ದುರಭ್ಯಾಸ ನಮ್ಮಲ್ಲಿ ಎಷ್ಟರಮಟ್ಟಿಗೆ ಬೇರೂರಿತ್ತೆಂಬುದು ಕಳೆದ ತಿಂಗಳು ನಮ್ಮ ಮನೆಯಲ್ಲೇ ಬಯಲಾಯಿತು. ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲವಾದುದರಿಂದ ಈ ಸಲದ ಪುಟವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ವಿಷಯ ಕೆಂಪು ದ್ರಾಕ್ಷಾರಸದ್ದು, ಎಂದರೆ ಹುದುಗು ಬಂದ ವೈನಿನದು. ಇಷ್ಟು ಓದಿ ಕೆಲವರು ಹುಬ್ಬೇರಿಸಿರಬಹುದು. ಅದು ತಪ್ಪೂ ಅಲ್ಲ. ಯಾವ ಪ್ರಮಾಣದ ಮದ್ಯವೂ ಆರೋಗ್ಯಕ್ಕೆ ನಿರಪಾಯವೆನ್ನಲಾಗದೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸ್ಪಷ್ಟವಾಗಿ ಸಾರಿದೆ. ಕುಡಿಯದವರು ಈ ಲೇಖನವನ್ನೋದಿ ಕುಡಿಯತೊಡಗಲಿ ಎಂಬುದು ನಮ್ಮ ಉದ್ದೇಶವಲ್ಲ. ನಮ್ಮ ಮನೆಯವರೇ ಇದುವರೆಗೆ ಒಂದು ತೊಟ್ಟನ್ನೂ ಮುಟ್ಟಿದವರಲ್ಲ. ಆದರೆ ಇಲ್ಲಿ ಹೇಳುವ ಪರೀಕ್ಷೆಯ ವಿಧಾನವು ಕಾಫಿಗೂ, ತುಪ್ಪಕ್ಕೂ, ಜೇನಿಗೂ, ಮಾವಿನ ಹಣ್ಣಿಗೂ ಒಂದೇ ತೆರನಾಗಿ ಸಲ್ಲುತ್ತದೆ. ಸ್ವಲ್ಪ ಯೋಚಿಸಿದರೆ ಮನುಷ್ಯರಿಗೂ ಸಲ್ಲುತ್ತದೆ.

ಮೊದಲು ಬೆರಕೆಯ ವಿಚಾರ. ಒಂದೇ ಜಾತಿಯ ದ್ರಾಕ್ಷಿಯಿಂದ ಮಾಡಿದುದೇ ಶ್ರೇಷ್ಠ, ಬೆರಕೆಯೆಂದರೆ ಕಲಬೆರಕೆ ಎಂದು ಹಲವರು ತಿಳಿದಿರುತ್ತಾರೆ. ಫ್ರಾನ್ಸ್ ದೇಶದ ಬೋರ್ಡೋ ಸೀಮೆಯ ಹೆಸರಾಂತ ಕೆಂಪು ದ್ರಾಕ್ಷಾರಸಗಳು ಬಹುಮಟ್ಟಿಗೆ ಬೆರಕೆಗಳೇ. ಅಲ್ಲಿ ಕ್ಯಾಬರ್ನೆ ಸೋವಿನ್ಯೋಂ, ಮೆರ್ಲೋ, ಕ್ಯಾಬರ್ನೆ ಫ್ರಾಂ ಎಂಬ ಮೂರು ಮುಖ್ಯ ಜಾತಿಗಳು. ಬಣ್ಣಕ್ಕೂ ಖಾರಕ್ಕೂ ಚಿಟಿಕೆಯಷ್ಟು ಪೆಟಿ ವೆರ್ದೋ. ಗರೋನ್ ನದಿಯ ಎಡದಂಡೆಯ ಗರಸು ನೆಲದಲ್ಲಿ ಕ್ಯಾಬರ್ನೆ ಸೋವಿನ್ಯೋಂ ಮೇಲುಗೈ. ದೋರ್ದೋನ್ ನದಿಯ ಬಲದಂಡೆಯ ಜೇಡಿಮಣ್ಣಿನಲ್ಲಿ ಮೆರ್ಲೋವಿನ ಯಜಮಾನಿಕೆ. ಈ ಏರ್ಪಾಡಿನಲ್ಲಿ ರುಚಿಯಷ್ಟೇ ಅಲ್ಲ, ರೈತನ ವಿವೇಕವೂ ಸೇರಿದೆ. ಮೆರ್ಲೋ ಬೇಗ ಚಿಗುರುತ್ತದೆ, ಬೇಗ ಮಾಗುತ್ತದೆ; ಆದುದರಿಂದ ವಸಂತದ ಹಿಮಕ್ಕೆ ಅದು ಸುಲಭದ ತುತ್ತು. ಕ್ಯಾಬರ್ನೆ ತಡವಾಗಿ ಮಾಗುತ್ತದೆ. ಸುಗ್ಗಿಯ ಹೊತ್ತಿಗೆ ಮಳೆ ಹಿಡಿದರೆ ಅದಕ್ಕೆ ಕೇಡು. ಎರಡನ್ನೂ ಬೆಳೆದವನಿಗೆ ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತದೆ. ನಮ್ಮ ರೈತರು ರಾಗಿಯ ಸಾಲುಗಳ ನಡುವೆ ಅವರೆಯನ್ನೂ ತೊಗರಿಯನ್ನೂ ಅಕ್ಕಡಿಯಾಗಿ ಬಿತ್ತುವುದೂ ಇದೇ ವಿವೇಕದಿಂದಲೇ ಅಲ್ಲವೆ?

ಬಟ್ಟಲಿನಲ್ಲಿಯೂ ಹಾಗೆಯೇ. ಕ್ಯಾಬರ್ನೆ ಒಗರಿನಿಂದ ಬಿಗಿ ಕೊಡುತ್ತದೆ, ಮೆರ್ಲೋ ಮೃದುತ್ವವನ್ನು ಕೊಡುತ್ತದೆ. ರೋನ್ ನದಿಯ ಕೆಳಪ್ರಾಂತದಲ್ಲಿ ಗ್ರೆನಾಶ್, ಸಿರಾ, ಮೂರ್ವೆದ್ರ್ ಎಂಬ ಮೂವರ ಕೂಡುಕುಟುಂಬ. ಅಲ್ಲಿಯ ಶಾತೋನ್ಯೂಫ್ ದ್ಯು ಪಾಪ್ ಎಂಬ ಊರಿನ ರಸಕ್ಕೆ ಸಂಪ್ರದಾಯವಾಗಿ 13 ಜಾತಿಯ ದ್ರಾಕ್ಷಿಗಳನ್ನು ಲೆಕ್ಕ ಹೇಳುತ್ತಾರೆ. ಜಾತಿಶುದ್ಧಿಯ ಮಾತನ್ನಾಡುವವರಿಗೆ ಇನ್ನೊಂದು ಸಂಗತಿ: ಕ್ಯಾಬರ್ನೆ ಸೋವಿನ್ಯೋಂ ಎಂಬ ಈ ದೊರೆಯು ಕ್ಯಾಬರ್ನೆ ಫ್ರಾಂ ಎಂಬ ಕಪ್ಪು ದ್ರಾಕ್ಷಿಗೂ ಸೋವಿನ್ಯೋಂ ಬ್ಲಾಂ ಎಂಬ ಬಿಳಿ ದ್ರಾಕ್ಷಿಗೂ ಹುಟ್ಟಿದ ಕೂಸೆಂದು 1997ರಲ್ಲಿ ಕ್ಯಾಲಿಫೋರ್ನಿಯದ ವಿಜ್ಞಾನಿಗಳು ವಂಶಪರೀಕ್ಷೆಯಿಂದ ತೋರಿಸಿಕೊಟ್ಟರು. ಅಷ್ಟೇ ಅಲ್ಲ, ಯೂರೋಪಿನ ಒಕ್ಕೂಟದ ನಿಯಮದಂತೆ ಶೀಸೆಯ ಮೇಲೆ ಒಂದೇ ಜಾತಿಯ ಹೆಸರನ್ನು ಬರೆಯಬೇಕಾದರೆ ನೂರಕ್ಕೆ 85 ಪಾಲು ಆ ಜಾತಿಯಿದ್ದರೆ ಸಾಕು. ಮಿಕ್ಕ 15 ಪಾಲು ಯಾರದೆಂದು ಚೀಟಿಯು ಹೇಳಬೇಕಾದುದಿಲ್ಲ.

ಇನ್ನು ಚೀಟಿಯ ಮಹಿಮೆ. 1976ನೆಯ ಇಸವಿ ಮೇ 24ರಂದು ಸ್ಟೀವನ್ ಸ್ಪರಿಯರ್ ಎಂಬ ಆಂಗ್ಲ ವರ್ತಕರು ಪ್ಯಾರಿಸ್ ನಗರದಲ್ಲಿ ಒಂದು ಪರೀಕ್ಷೆ ಏರ್ಪಡಿಸಿದರು. ಫ್ರಾನ್ಸಿನ ಒಂಬತ್ತು ಮಂದಿ ಪರಿಣತರ ಮುಂದೆ ಹೆಸರು ಮುಚ್ಚಿದ ಹತ್ತು ಕೆಂಪು ದ್ರಾಕ್ಷಾರಸಗಳನ್ನಿಟ್ಟರು. ನಾಲ್ಕು ಬೋರ್ಡೋವಿನವು, ಆರು ಅಮೆರಿಕದ ಕ್ಯಾಲಿಫೋರ್ನಿಯದವು. ಮೊದಲ ಸ್ಥಾನ ಬಂದುದು ಕ್ಯಾಲಿಫೋರ್ನಿಯದ ಸ್ಟ್ಯಾಗ್ಸ್ ಲೀಪ್ ವೈನ್ ಸೆಲ್ಲರ್ಸ್ ಎಂಬವರ 1973ರ ರಸಕ್ಕೆ. ಎರಡನೆಯದು ಲೋಕಪ್ರಸಿದ್ಧವಾದ ಮೂತೋ ರಾಥ್ಸ್‌ಚೈಲ್ಡ್‌ನ 1970ರ ರಸ. ಅಂಕಗಳ ಅಂತರ ಅತ್ಯಲ್ಪವಾಗಿತ್ತು. ಆದರೂ ಪರೀಕ್ಷಕರಲ್ಲೊಬ್ಬರು ತಮ್ಮ ಅಂಕದ ಹಾಳೆಯನ್ನು ಹಿಂದಕ್ಕೆ ಕೊಡಿರೆಂದು ಹಟಹಿಡಿದರೆಂದು ಹೇಳುತ್ತಾರೆ. ಆಗ ನಾವು ನಕ್ಕಿದ್ದೆವು. ಈಗ ಆ ಪರೀಕ್ಷಕರ ಮೇಲೆ ನಮಗೆ ಬಹಳ ಮರುಕವುಂಟಾಗಿದೆ.

2001ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ವಿದ್ವಾಂಸರು ಬಿಳಿಯ ದ್ರಾಕ್ಷಾರಸಕ್ಕೆ ವಾಸನೆಯಿಲ್ಲದ ಕೆಂಪು ಬಣ್ಣವನ್ನು ಕಲಸಿ 54 ವಿದ್ಯಾರ್ಥಿಗಳಿಗೆ ಕೊಟ್ಟರು. ಅವರೆಲ್ಲ ಈ ವಿದ್ಯೆಯನ್ನೇ ಓದುತ್ತಿದ್ದವರು. ಬಿಳಿಯದನ್ನು ಬಣ್ಣಿಸುವಾಗ ಬಳಸಿದ ಮಾತುಗಳನ್ನು ಬಿಟ್ಟು, ಕೆಂಪು ರಸಕ್ಕೆ ಸಲ್ಲುವ ಮಾತುಗಳಿಂದಲೇ ಅದನ್ನು ಬಣ್ಣಿಸಿದರು. ಕಣ್ಣು ಹೇಳಿದುದನ್ನೇ ಮೂಗು ಒಪ್ಪಿತು. 2008ರಲ್ಲಿ ಕ್ಯಾಲಿಫೋರ್ನಿಯದಲ್ಲಿ 20 ಮಂದಿಗೆ ಒಂದೇ ರಸವನ್ನು ಒಮ್ಮೆ 10 ಡಾಲರಿನದೆಂದೂ ಇನ್ನೊಮ್ಮೆ 90 ಡಾಲರಿನದೆಂದೂ ಹೇಳಿ ಕೊಟ್ಟರು. ಬೆಲೆ ಹೆಚ್ಚೆಂದಾಗ ರುಚಿಯೂ ಹೆಚ್ಚೆಂದರು. ಅವರು ಸುಳ್ಳು ಹೇಳಲಿಲ್ಲ. ಸಂತೋಷವನ್ನು ತೋರುವ ಮಿದುಳಿನ ಭಾಗವೇ ಆಗ ಹೆಚ್ಚು ಚುರುಕಾಗಿ ಕೆಲಸ ಮಾಡುತ್ತಿದ್ದುದನ್ನು ಯಂತ್ರ ತೋರಿಸಿತು. ಹೆಸರು ನಮ್ಮನ್ನು ಹೊರಗಿನಿಂದ ಮೋಸಗೊಳಿಸುವುದಿಲ್ಲ, ಒಳಗೇ ಕುಳಿತು ಮೋಸಗೊಳಿಸುತ್ತದೆ.

ಈಗ ನಮ್ಮ ಮನೆಯ ಮಾತು. ದೊಡ್ಡಬಳ್ಳಾಪುರದ ಕಡೆ ತೋಟವುಳ್ಳ ಮಿತ್ರರೊಬ್ಬರು ನಮಗೆ ಮೂವತ್ತು ವರ್ಷದ ಸ್ನೇಹಿತರು. ಆ ಸೀಮೆ ಬೆಂಗಳೂರು ನೀಲಿ ದ್ರಾಕ್ಷಿಗೆ ಹೆಸರುವಾಸಿ. 2013ರಲ್ಲಿ ಆ ಹಣ್ಣಿಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. 1980ರ ದಶಕದ ಕೊನೆಯಿಂದೀಚೆಗೆ ನಂದಿಬೆಟ್ಟದ ತಪ್ಪಲಿನಲ್ಲಿ ಫ್ರಾನ್ಸಿನ ಜಾತಿಗಳನ್ನೂ ನೆಟ್ಟು ಬೆಳೆಸುತ್ತಾ ಬಂದಿದ್ದಾರೆ. ನಮ್ಮ ಮಿತ್ರರೂ ತಮ್ಮ ಹೊಲದ ಒಂದು ಭಾಗದಲ್ಲಿ ಸಿರಾ ಹಾಕಿದರು. ಅದನ್ನು ನಮ್ಮಲ್ಲಿ ಶಿರಾಜ್ ಎನ್ನುವುದು ವಾಡಿಕೆ. ಹಣ್ಣು ಹತ್ತಿರದ ತಯಾರಿಕೆಯವರಿಗೆ ಹೋಗುತ್ತದೆ. ಅವರು ಅದನ್ನು ಕ್ಯಾಬರ್ನೆಯೊಡನೆ ಬೆರಸುತ್ತಾರೆ. ಎರಡು ವರ್ಷದ ಹಿಂದೆ ದೀಪಾವಳಿಗೆ ಮಿತ್ರರು ತಮ್ಮ ಹಣ್ಣು ಸೇರಿದ ಮೊದಲ ಶೀಸೆಯನ್ನು ಕಾಗದದಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ತಂದರು. ಆಗ ವಕೀಲ ಮಿತ್ರರೊಬ್ಬರು ಕುಳಿತಿದ್ದರು. ನಾವು ಚೀಟಿಯನ್ನು ನೋಡಿ, ಶೀಸೆಯ ಮುಚ್ಚಳವನ್ನು ಕೂಡ ತೆಗೆಯದೆ, ನಮ್ಮ ಹಾಸ್ಯವನ್ನು ನಾವೇ ಮೆಚ್ಚಿಕೊಂಡು, “ಗುಲಾಬಿ ಗಿಡಕ್ಕೆ ಆದೀತು” ಎಂದೆವು. ಮಿತ್ರರು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದುದನ್ನು ನಾವು ನೋಡಲಿಲ್ಲ. ಅವರು ಕಾಫಿಗೂ ನಿಲ್ಲದೆ ಹೊರಟುಹೋದರು. ಆಮೇಲೆ ಎರಡು ದೀಪಾವಳಿಗಳು ಬಂದುವು, ಅವರು ಬರಲಿಲ್ಲ. ನಾವೂ ಹೋಗಲಿಲ್ಲ. ತಪ್ಪು ಮಾಡಿದವನಿಗೆ ದಾರಿ ಯಾವಾಗಲೂ ದೂರವಾಗಿಯೇ ಕಾಣುತ್ತದೆ.

ಕಳೆದ ತಿಂಗಳು ವಕೀಲ ಮಿತ್ರರ ಮಗನು ಫ್ರಾನ್ಸಿನಿಂದ ಒಂದು ಬೋರ್ಡೋ ಶೀಸೆಯನ್ನು ಕಳುಹಿಸಿದನು. ಅದನ್ನು ಒಡೆಯುವ ನೆಪದಲ್ಲಿ ಹೆಸರು ಮುಚ್ಚಿದ ಪರೀಕ್ಷೆಯೊಂದನ್ನು ಮಾಡೋಣವೆಂದು ನಿಶ್ಚಯವಾಯಿತು. ಪರೀಕ್ಷೆಗೆ ಒಬ್ಬ ಅಧ್ಯಕ್ಷರು ಬೇಕು. ಅವರು ರುಚಿ ನೋಡಬಾರದು, ಎಲ್ಲವನ್ನೂ ಬಲ್ಲವರಾಗಿರಬೇಕು, ಬಾಯಿ ಬಿಡಬಾರದು. ಮುಟ್ಟದವರಾದ ನಮ್ಮ ಮನೆಯವರಿಗಿಂತ ಯೋಗ್ಯರು ಯಾರು? “ಆಗಲಿ, ಆದರೆ ಐದನೆಯವರು ಯಾರೆಂಬುದನ್ನು ನಾನೇ ಗೊತ್ತುಮಾಡುತ್ತೇನೆ” ಎಂದರು ಅವರು. ಕೂಡಲೆ ದೊಡ್ಡಬಳ್ಳಾಪುರಕ್ಕೆ ಟೆಲಿಫೋನು ಮಾಡಿದರು.

ಮಾಡಿನೋಡಬೇಕೆನ್ನುವವರಿಗೆ ಏರ್ಪಾಡಿನ ವಿವರಗಳನ್ನು ಇಲ್ಲಿ ಹೇಳುತ್ತೇವೆ. ಶೀಸೆಗೆ ಬಟ್ಟೆ ಸುತ್ತಿದರೆ ಸಾಲದು. ಬೋರ್ಡೋ ಶೀಸೆಗೆ ಎತ್ತಿದ ಹೆಗಲು, ಬರ್ಗಂಡಿ ಶೀಸೆಗೆ ಇಳಿಜಾರು ಹೆಗಲು. ಆಕಾರವೇ ಊರಿನ ಹೆಸರು ಹೇಳಿಬಿಡುತ್ತದೆ. ಆದುದರಿಂದ ಒಳಮನೆಯಲ್ಲಿಯೇ ಒಂದೇ ತೆರನ ಗಾಜಿನ ಹೂಜಿಗಳಿಗೆ ಬಗ್ಗಿಸಿ, ಹೂಜಿಗೆ ಸಂಖ್ಯೆಯ ಚೀಟಿ ಕಟ್ಟಬೇಕು. ಬಟ್ಟಲುಗಳೆಲ್ಲ ಒಂದೇ ಅಳತೆಯವಾಗಿರಬೇಕು. ಒಂದು ಬಟ್ಟಲಿಗೆ 30 ಮಿಲಿಲೀಟರು ಧಾರಾಳವಾಯಿತು. ಐದು ಬಟ್ಟಲಿಗೆ ತಲೆಗೆ 150 ಮಿಲಿಲೀಟರು. ಪರಿಣತರು ಅದನ್ನೂ ನುಂಗುವುದಿಲ್ಲ; ಬಾಯಲ್ಲಾಡಿಸಿ ಉಗುಳುತ್ತಾರೆ. ಇದಕ್ಕಾಗಿ ನಾವು ಅಟ್ಟದ ಮೇಲಿದ್ದ ತಾತನವರ ಕಾಲದ ಹಿತ್ತಾಳೆಯ ಪೀಕದಾನಿಯನ್ನು ಹುಳಿ ಹಚ್ಚಿ ತಿಕ್ಕಿಸಿ ಇಳಿಸಿದೆವು. ಬಂದವರು ಹಿಂದಿರುಗುವಾಗ ತಾವೇ ಬಂಡಿ ನಡೆಸಬಾರದು. ಈ ನಿಯಮಕ್ಕೆ ರಿಯಾಯಿತಿಯಿಲ್ಲ.

ಕೆಂಪು ರಸಕ್ಕೆ 16ರಿಂದ 18 ಡಿಗ್ರಿ ಸೆಂಟಿಗ್ರೇಡಿನ ಶಾಖ ಒಪ್ಪುತ್ತದೆ. ‘ಕೋಣೆಯ ಶಾಖ’ ಎಂದು ಅವರು ಬರೆದಿರುವುದು ಅವರ ದೇಶದ ಕೋಣೆಗೆ. ನಮ್ಮ ಬೇಸಗೆಯ ಕೋಣೆಗಲ್ಲ. ಅರ್ಧ ಗಂಟೆ ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು ತೆಗೆಯಬೇಕು. ಅಂದು ಕೋಣೆಯಲ್ಲಿ ಊದಿನಕಡ್ಡಿ ಹಚ್ಚಬಾರದು, ಮಲ್ಲಿಗೆ ಮುಡಿದವರು ಹತ್ತಿರ ಸುಳಿಯಬಾರದು, ಅಡಿಗೆಮನೆಯಲ್ಲಿ ಇಂಗಿನ ಒಗ್ಗರಣೆ ಬೀಳಬಾರದು. ಬಾಯಿ ತೊಳೆಯಲು ನೀರು, ನಡುನಡುವೆ ಸಪ್ಪೆಯ ರೊಟ್ಟಿ, ಇಷ್ಟು ಸಾಕು.

ಎಲ್ಲಕ್ಕಿಂತ ಮುಖ್ಯವಾದ ನಿಯಮ, ಎಲ್ಲರೂ ಬರೆದು ಮುಗಿಸುವವರೆಗೆ ಯಾರೂ ಮಾತನಾಡಕೂಡದೆಂಬುದು. ಒಬ್ಬರು “ಆಹಾ” ಎಂದರೆ ಮಿಕ್ಕವರ ನಾಲಗೆಗಳೆಲ್ಲ ಆ ಕಡೆಗೇ ವಾಲುತ್ತವೆ. ಬಣ್ಣ, ವಾಸನೆ, ರುಚಿ, ಬಾಯಲ್ಲಿ ನಿಲ್ಲುವ ಕಾಲ, ಇವನ್ನು ಬರೆದು ಇಪ್ಪತ್ತಕ್ಕೆ ಅಂಕ ಕೊಡಬೇಕು. ಪಾಶ್ಚಾತ್ಯರು ಈ ಸಂದರ್ಭದಲ್ಲಿ ಮಾತುಗಳಿಗಾಗಿ ಬಹಳ ತಡಕಾಡುತ್ತಾರೆ; ನಮಗೆ ಆ ಕಷ್ಟವಿಲ್ಲ. ಸಿಪ್ಪೆ ಬೀಜಗಳಿಂದ ಇಳಿಯುವ ಟ್ಯಾನಿನ್ ಎಂಬ ವಸ್ತು ಜೊಲ್ಲಿನೊಡನೆ ಕೂಡಿ ಬಾಯನ್ನು ಒಣಗಿಸಿ ಹಿಡಿಯುತ್ತದೆ. ಎಳೆಯ ಬಾಳೆಕಾಯಿಯನ್ನೋ ಹಸಿ ಅಡಕೆಯನ್ನೋ ಕಚ್ಚಿದ ಮಗುವೂ ಅದನ್ನು ‘ಒಗರು’ ಎನ್ನುತ್ತದೆ. ಷಡ್ರಸಗಳಲ್ಲಿ ಅದಕ್ಕೊಂದು ಮಣೆ ಹಾಕಿ ಕೂರಿಸಿದವರು ನಮ್ಮ ಹಿರಿಯರು.

ಪರೀಕ್ಷೆಗೆ ಒಂದು ಬಲೆಯೂ ಬೇಕು. 1935ರಲ್ಲಿ ಪ್ರಕಟವಾದ ಗ್ರಂಥವೊಂದರಲ್ಲಿ ಇಂಗ್ಲೆಂಡಿನ ಗಣಿತಜ್ಞ ರೊನಾಲ್ಡ್ ಫಿಷರ್ ಅವರು ಒಂದು ಪ್ರಸಂಗವನ್ನು ವಿವರಿಸಿದ್ದಾರೆ. ಬಟ್ಟಲಿಗೆ ಹಾಲು ಮೊದಲು ಬಿತ್ತೋ ಚಹ ಮೊದಲು ಬಿತ್ತೋ ರುಚಿಯಿಂದಲೇ ಹೇಳಬಲ್ಲೆನೆಂದು ಮಹಿಳೆಯೊಬ್ಬರು ಹೇಳುತ್ತಾರೆ. ಎಂಟು ಬಟ್ಟಲುಗಳಲ್ಲಿ ನಾಲ್ಕು ಹಾಗೆ, ನಾಲ್ಕು ಹೀಗೆ. ನಾಲ್ಕನ್ನು ಆರಿಸುವ ಬಗೆಗಳು ಒಟ್ಟು 70. ಬರಿಯ ಊಹೆಯಿಂದ ಎಲ್ಲವೂ ಸರಿಯಾಗುವುದು ಎಪ್ಪತ್ತರಲ್ಲಿ ಒಂದು ಸಲ. ಅದೃಷ್ಟವನ್ನೂ ವಿದ್ಯೆಯನ್ನೂ ಬೇರ್ಪಡಿಸಬೇಕಾದರೆ ಹೀಗೆ ಲೆಕ್ಕ ಹಾಕಬೇಕೆಂಬುದು ಅವರ ಉಪದೇಶ. ಮನೆಯ ಕೂಟಕ್ಕೆ ಅಷ್ಟು ಬೇಡ. ಒಂದೇ ರಸವನ್ನು ಎರಡು ಬಟ್ಟಲಲ್ಲಿ ಬೇರೆ ಬೇರೆ ಸಂಖ್ಯೆಯಡಿ ಇಟ್ಟರೆ ಸಾಕು. ಒಂದಕ್ಕೆ ಹೊಗಳಿಕೆ, ಇನ್ನೊಂದಕ್ಕೆ ತೆಗಳಿಕೆ ಬರೆದವರ ನಾಲಗೆ ಎಷ್ಟು ಗಟ್ಟಿಯೆಂಬುದು ತಿಳಿದುಹೋಗುತ್ತದೆ. ಈ ಬಲೆಯನ್ನು ನಾವೇ ಸೂಚಿಸಿದೆವೆಂಬುದನ್ನು ವಾಚಕರು ಗಮನಿಸಬೇಕು. ಯಾವುದನ್ನು ಎರಡು ಸಲ ಇಡಬೇಕೆಂಬುದು ಮಾತ್ರ ಅಧ್ಯಕ್ಷರ ಇಷ್ಟ.

ಶನಿವಾರ ಸಂಜೆ ಐವರು ಕುಳಿತೆವು: ವಕೀಲರು, ಡಾಕ್ಟರು, ಕಾಲೇಜಿನ ಪ್ರೊಫೆಸರರು, ನಾವು, ಮತ್ತು ದೊಡ್ಡಬಳ್ಳಾಪುರದ ಮಿತ್ರರು. ಅವರು ಬಂದು, “ಚೆನ್ನಾಗಿದ್ದೀರಾ ಸ್ವಾಮಿ?” ಎಂದರು. ಮೂವತ್ತು ವರ್ಷ ನಮ್ಮನ್ನು ಏಕವಚನದಲ್ಲಿ ಕರೆದವರು ‘ಸ್ವಾಮಿ’ ಎಂದುದು ನಮಗೆ ಯಾವ ಒಗರಿಗಿಂತಲೂ ಒಗರಾಯಿತು. ಆಮೇಲೆ ಒಂದು ಗಂಟೆಯ ಹೊತ್ತು ಪೆನ್ಸಿಲಿನ ಸದ್ದು, ಪೀಕದಾನಿಯ ಸದ್ದು, ಇಷ್ಟೆ.

ಅಧ್ಯಕ್ಷರು ಹಾಳೆಗಳನ್ನು ಒಟ್ಟುಮಾಡಿ ಓದತೊಡಗಿದರು. ವಕೀಲರು ತಮ್ಮ ಮಗನು ಕಳುಹಿಸಿದ ಬೋರ್ಡೋ ರಸವನ್ನು ನಾಸಿಕದ್ದೆಂದು ಬರೆದು ಒಂಬತ್ತು ಅಂಕ ಕೊಟ್ಟಿದ್ದರು. ಪ್ರೊಫೆಸರರು ನಾಸಿಕದ ಬೆರಕೆಯನ್ನು ರೋನ್ ಪ್ರಾಂತದ್ದೆಂದು ಒಂದು ಪುಟ ಬರೆದಿದ್ದರು. ಎಲ್ಲರೂ ನಕ್ಕರು. ನಾವೂ ನಕ್ಕೆವು. ಅನಂತರ ನಮ್ಮ ಹಾಳೆ ಬಂತು.

“ಎರಡನೆಯ ಬಟ್ಟಲು: ಹದಿನಾರು ಅಂಕ. ಗಂಭೀರವಾದುದು, ಅಳತೆಯರಿತ ಬೆರಕೆ, ನಿಸ್ಸಂದೇಹವಾಗಿ ಫ್ರಾನ್ಸಿನದು. ಐದನೆಯ ಬಟ್ಟಲು: ಹನ್ನೊಂದು ಅಂಕ. ಒರಟು, ಬಿಸಿಲು ಸೀಮೆಯದಿರಬೇಕು.” ಅಧ್ಯಕ್ಷರು ಒಂದು ಕ್ಷಣ ನಿಲ್ಲಿಸಿ, ಧ್ವನಿಯಲ್ಲಿ ಏನನ್ನೂ ತೋರಗೊಡದೆ, “ಎರಡನೆಯದೂ ಐದನೆಯದೂ ಒಂದೇ ಶೀಸೆಯವು. ಎರಡು ವರ್ಷದ ಹಿಂದೆ ದೀಪಾವಳಿಗೆ ಬಂದದ್ದು. ಗುಲಾಬಿ ಗಿಡಕ್ಕೆ ಹಾಕದೆ ನಾನು ಎತ್ತಿಟ್ಟಿದ್ದೆ” ಎಂದರು.

ಆಗ ಕೋಣೆಯಲ್ಲಿದ್ದ ಮೌನವನ್ನು ನಾವು ಬಣ್ಣಿಸಲಾರೆವು. ಕೊನೆಯ ಹಾಳೆ ದೊಡ್ಡಬಳ್ಳಾಪುರದ ಮಿತ್ರರದು. ಎರಡನೆಯದಕ್ಕೆ 13, ಐದನೆಯದಕ್ಕೂ 13. ಎರಡರ ಮುಂದೆಯೂ ಎರಡೇ ಮಾತು: “ಹುಳಿ ಸಾಲದು.” ಐವರಲ್ಲಿ ಬಲೆಗೆ ಬೀಳದವರು ಅವರೊಬ್ಬರೇ. ತಮ್ಮ ಹಣ್ಣೆಂದು ಅವರಿಗೆ ತಿಳಿದಿತ್ತೇ ಎಂದು ಕೇಳಿದೆವು. “ಇಲ್ಲ. ತಿಳಿದಿದ್ದರೂ ಹುಳಿ ಸಾಲದೇ. ನಮ್ಮ ಕಡೆ ಬಿಸಿಲಿಗೆ ಹಣ್ಣಿನ ಹುಳಿ ಬೇಗ ಇಳಿದುಹೋಗುತ್ತೆ. ಈ ವರ್ಷ ಒಂದು ವಾರ ಮೊದಲೇ ಕೊಯ್ಯಿಸಿದ್ದೇನೆ” ಎಂದರು.

ಈ ಪರೀಕ್ಷೆಯಿಂದ ಸಿದ್ಧವಾದುದೇನೆಂಬುದನ್ನು ಸರಿಯಾಗಿ ಹೇಳಬೇಕು. ನಂದಿಯ ತಪ್ಪಲಿನ ರಸ ಬೋರ್ಡೋ ರಸಕ್ಕಿಂತ ಮೇಲೆಂದು ಸಿದ್ಧವಾಗಲಿಲ್ಲ. ಅದಕ್ಕೆ ಹದಿನಾರು ಕೊಟ್ಟ ನಾಲಗೆಯೇ ಹನ್ನೊಂದನ್ನೂ ಕೊಟ್ಟಿತಲ್ಲ! ಮಿತ್ರರ 13 ಕೂಡ ಎರಡು ಸಲ ಅದೃಷ್ಟದಿಂದ ಬಿದ್ದಿರಬಹುದು; ಒಂದು ಸಂಜೆಯ ಫಲವನ್ನು ಫಿಷರ್ ಅವರು ಒಪ್ಪುತ್ತಿರಲಿಲ್ಲ. ಆದರೆ ಒಂದು ಸಂಗತಿ ನಿಸ್ಸಂದೇಹವಾಗಿ ಸಿದ್ಧವಾಯಿತು. ಅಂದು ಶೀಸೆಯನ್ನು ತೆರೆಯದೆ ನಾವಾಡಿದ ಮಾತಿಗೆ ಯಾವ ಆಧಾರವೂ ಇರಲಿಲ್ಲ. ಅದು ರಸದ ವಿಮರ್ಶೆಯಾಗಿರಲಿಲ್ಲ. ಸ್ನೇಹಿತನ ಬೆವರಿನ ಅವಮಾನವಾಗಿತ್ತು. ನಾವು ಎಲ್ಲರೆದುರಿಗೂ ಎದ್ದು ನಿಂತು ಹಾಗೆಂದೇ ಹೇಳಿದೆವು.

ಮಿತ್ರರು ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತು ಬರಿದಾದ ಬಟ್ಟಲನ್ನು ತಿರುಗಿಸುತ್ತಿದ್ದು, ಒಳಮನೆಯ ಕಡೆ ತಿರುಗಿ, “ತಾಯೀ, ಆವತ್ತಿನ ಕಾಫಿ ಬಾಕಿ ಇದೆ. ಒಂದು ಲೋಟ ಕೊಡಿ” ಎಂದರು. ಆಮೇಲೆ ನಮ್ಮ ಕಡೆ ನೋಡಿ, “ನೀನೂ ಕುಡಿ. ಯಾವ ಅಂಗಡಿ ಪುಡಿ ಅಂತ ಮಾತ್ರ ಕೇಳಬೇಡ” ಎಂದರು.

ಏಕವಚನ ಹಿಂದಿರುಗಿತು. ಮುಂದಿನ ದೀಪಾವಳಿಗೆ ನಾವೇ ದೊಡ್ಡಬಳ್ಳಾಪುರಕ್ಕೆ ಹೋಗುವುದೆಂದು ನಿಶ್ಚಯವಾಗಿದೆ. ವಾಚಕರಲ್ಲಿ ಯಾರಿಗಾದರೂ ತೆರೆಯದೆಯೇ ತೀರ್ಪುಕೊಟ್ಟ ಶೀಸೆಯೊಂದು ಮನೆಯ ಮೂಲೆಯಲ್ಲಿದ್ದರೆ, ಅದರಲ್ಲಿರುವುದು ದ್ರಾಕ್ಷಾರಸವಾಗಲಿ, ಉಪ್ಪಿನಕಾಯಿಯಾಗಲಿ, ಹಳೆಯ ಸ್ನೇಹವಾಗಲಿ, ಈ ತಿಂಗಳು ಒಮ್ಮೆ ಹೆಸರು ಮುಚ್ಚಿ ರುಚಿ ನೋಡಬೇಕೆಂದು ನಮ್ಮ ವಿನಂತಿ.